‘ಬದಲಾಗಿದೆ’ ಎಂದರು, ಎಲ್ಲಿ ಎಂದು ನಾನು ಕೇಳಲಿಲ್ಲ

ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಹೆಸರು, ಲಿಂಗ ಬದಲಿಸಿಕೊಳ್ಳಲು ಹೊರಟಿರುವ ಟ್ರಾನ್ಸ್ ವಿದ್ಯಾರ್ಥಿಗಳು ಅರ್ಜಿಗೆ ಸಹಿ ಹಾಕುವ ಮೊದಲು ಇದನ್ನು ಓದಿ. ನಾನು ಸಹಿ ಹಾಕಿದ ಮೇಲೆ ಕಲಿತೆ.

ಮೂರನೆಯ ವಾರಕ್ಕೆ ಕಚೇರಿಯಿಂದ ‘ಬದಲಾವಣೆ ಪೂರ್ಣಗೊಂಡಿದೆ’ ಎಂಬ ಇಮೇಲ್ ಬಂತು. ಹೊಸ ಗುರುತಿನ ಚೀಟಿಯೂ ಕೈಸೇರಿತು. ಅದರ ಮೇಲಿನ ನನ್ನ ಹೆಸರನ್ನು ಎಷ್ಟು ಸಲ ಬೆರಳಿನಿಂದ ಸವರಿದೆನೋ! ಅಲ್ಲಿಗೆ ಎಲ್ಲವೂ ಮುಗಿಯಿತು ಎಂದುಕೊಂಡೆ.

ಪರೀಕ್ಷೆಯ ದಿನ ಮೇಲ್ವಿಚಾರಕರು ಹಾಜರಿ ಹಾಳೆ ಹಿಡಿದು ನನ್ನ ಬೆಂಚಿನ ಬಳಿ ನಿಂತರು. ನೋಂದಣಿ ಸಂಖ್ಯೆ ನನ್ನದೇ, ಪಕ್ಕದಲ್ಲಿ ಹಳೆಯ ಹೆಸರು. “ಇವನು ಬಂದಿಲ್ಲವೇ? ಅವನ ಜಾಗದಲ್ಲಿ ನೀವೇಕೆ ಕುಳಿತಿದ್ದೀರಿ?” ಎಂದು ಗಟ್ಟಿಯಾಗಿಯೇ ಕೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದವು. “ಅವನೇ ನಾನು” ಎನ್ನಬೇಕಾಯಿತು. ವರ್ಷಗಳಿಂದ ಆಡದ ಮಾತನ್ನು ತುಂಬಿದ ಕೊಠಡಿಯಲ್ಲಿ ಆಡಿ, ಆ ಹೆಸರಿನ ಪಕ್ಕದಲ್ಲೇ ಸಹಿ ಹಾಕಿದೆ. ಮೊದಲ ಅರ್ಧ ಗಂಟೆ ಪ್ರಶ್ನೆಪತ್ರಿಕೆಯ ಅಕ್ಷರಗಳು ಕಣ್ಣಿಗೆ ಹತ್ತಲಿಲ್ಲ.

ಆಮೇಲೆ ವಿಚಾರಿಸಿದಾಗ ತಿಳಿಯಿತು, ಅವರು ತಿದ್ದಿದ್ದು ‘ಬಳಕೆಯ ಹೆಸರು’ ಎಂಬ ಒಂದೇ ಅಂಕಣವನ್ನು. ಪರೀಕ್ಷಾ ವಿಭಾಗದ ತಂತ್ರಾಂಶ ‘ಕಾನೂನುಬದ್ಧ ಹೆಸರು’ ಎಂಬ ಇನ್ನೊಂದನ್ನು ಓದುತ್ತದೆ. ಗ್ರಂಥಾಲಯ, ಹಾಸ್ಟೆಲ್, ಆನ್‌ಲೈನ್ ತರಗತಿ ಇವೆಲ್ಲವುಗಳ ಬಳಿ ಬೇರೆ ಬೇರೆ ಪ್ರತಿಗಳು. ಇಮೇಲ್ ವಿಳಾಸದಲ್ಲಂತೂ ಪ್ರವೇಶದ ದಿನದ ಹೆಸರೇ ಗಟ್ಟಿಯಾಗಿ ಕುಳಿತಿತ್ತು. ಅದನ್ನು ಬದಲಿಸಿದರೂ ಸಹಪಾಠಿಗಳ ಕಂಪ್ಯೂಟರ್‌ಗಳು ನೆನಪಿಟ್ಟುಕೊಂಡ ಹಳೆಯ ಹೆಸರನ್ನೇ ಮುಂದೊಡ್ಡುತ್ತಿದ್ದವು. ಲಿಂಗದ ಅಂಕಣ ಯಾರ ಸುಪರ್ದಿಯಲ್ಲಿದೆ ಎಂಬುದಂತೂ ಕಚೇರಿಯವರಿಗೇ ಗೊತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಅಂಚೆಯಲ್ಲಿ ಹೋಗಿತ್ತು. ಬದಲಾವಣೆಯ ದೃಢೀಕರಣ ಪತ್ರವನ್ನು ನಿಯಮದಂತೆ ‘ಖಾಯಂ ವಿಳಾಸ’ಕ್ಕೆ ಕಳುಹಿಸಿದ್ದರು. ಅಮ್ಮನಿಗೆ ರಜೆಯಲ್ಲಿ ಎದುರು ಕುಳಿತು ಹೇಳಬೇಕೆಂದಿದ್ದ ಮಾತನ್ನು ಮುದ್ರೆ ಒತ್ತಿದ ಒಂದು ಹಾಳೆ ಹೇಳಿಬಿಟ್ಟಿತು.

ಆದ್ದರಿಂದ ಅರ್ಜಿ ಕೊಡುವಾಗಲೇ ಪತ್ರಗಳು, ಶುಲ್ಕದ ರಸೀದಿಗಳು, ಪೋಷಕರಿಗೆ ಹೋಗುವ ಸಂದೇಶಗಳು ಎಲ್ಲಿಗೆ ಹೋಗುತ್ತವೆ, ಯಾವ ಹೆಸರಿನಲ್ಲಿ ಹೋಗುತ್ತವೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮನೆಯಲ್ಲಿ ಇನ್ನೂ ಹೇಳಿಲ್ಲದಿದ್ದರೆ ಮೊದಲು ಅಂಚೆ ವಿಳಾಸ ಬದಲಿಸಿ, ಹೆಸರು ಆಮೇಲೆ. ಪರೀಕ್ಷೆಗೆ ಮುನ್ನ ಹಾಜರಿ ಹಾಳೆಯ ಮುದ್ರಿತ ಪ್ರತಿಯನ್ನು ಕಣ್ಣಾರೆ ನೋಡಿ. ಪರದೆಯ ಮೇಲೆ ತೋರಿಸಿದರೆ ಒಪ್ಪಬೇಡಿ. ಸಂಶೋಧನಾ ಲೇಖನ ಪ್ರಕಟಿಸಿದವರು ಆರ್ಕಿಡ್ (ORCID) ಎಂಬ, ಸಂಶೋಧಕರನ್ನು ಗುರುತಿಸುವ ಅಂತರರಾಷ್ಟ್ರೀಯ ನೋಂದಣಿಯ 16 ಅಂಕಿಗಳ ಗುರುತು ಸಂಖ್ಯೆ ಮಾಡಿಸಿಕೊಳ್ಳಿ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ.

ಘಟಿಕೋತ್ಸವದಲ್ಲಿ ಹೆಸರು ಕೂಗುವ ಪಟ್ಟಿ ಮತ್ತೆ ಬೇರೆಯಂತೆ. ನನ್ನ ನಾಲ್ಕನೆಯ ಅರ್ಜಿ ಈಗ ಆ ಮೇಜಿನ ಮೇಲಿದೆ.