ನಮ್ಮೂರಿನ ಕಾಯಿನ್ ನೀರಿನ ಘಟಕ: ಕೆಲವು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಬಸ್ ಸ್ಟಾಪ್ ಪಕ್ಕ ಶುದ್ಧ ಕುಡಿಯುವ ನೀರಿನ ಘಟಕ ಬಂದು ಕೆಲವು ವರ್ಷ ಆಯಿತು. ಜಾಗ, ಕಟ್ಟಡ, ಬೋರ್‌ವೆಲ್ ಎಲ್ಲ ಸಾರ್ವಜನಿಕರದ್ದು. ನಡೆಸುವುದು ಗುತ್ತಿಗೆ ಹಿಡಿದ ಒಂದು ಖಾಸಗಿ ಕಂಪನಿ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ನಮ್ಮ ಮನೆಯಲ್ಲಿ ಶುರುವಿನಿಂದ ಕುಡಿಯುವುದಕ್ಕೆ, ಅಡುಗೆಗೆ ಇದೇ ನೀರು. ನೀರಿನ ಗುಣಮಟ್ಟಕ್ಕೆ 5ಕ್ಕೆ 4 ಕೊಡುತ್ತೇನೆ. ಸೇವೆಗೆ 1.

ನೀರಿಗೆ 4 ಯಾಕೆ ಅಂದರೆ, ನಮ್ಮದು ಜಂಬಿಟ್ಟಿಗೆ ನೆಲ. ಬೋರ್ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ರಾತ್ರಿ ಕೊಡದಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ. ಚಹಾ ಕಪ್ಪಾಗುತ್ತದೆ, ಬಿಳಿ ಬಟ್ಟೆ ಕೆಂಪಾಗುತ್ತದೆ. ಘಟಕದ ನೀರಲ್ಲಿ ಈ ಯಾವ ತೊಂದರೆಯೂ ಇಲ್ಲ. ರುಚಿ ಸ್ವಲ್ಪ ಸಪ್ಪೆ, ಅಷ್ಟೇ.

ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವುದು ಕಷ್ಟ. ನಮ್ಮ ಘಟಕ ನೀರನ್ನು ಶುದ್ಧ ಮಾಡುವುದು ಆರ್‌ಒ ವಿಧಾನದಲ್ಲಿ. ಆರ್‌ಒ ಅಂದರೆ ಮೋಟಾರಿನ ಒತ್ತಡದಿಂದ ನೀರನ್ನು ತೆಳುವಾದ ಪೊರೆಯ ಮೂಲಕ ತಳ್ಳುವುದು. ಕರೆಂಟ್ ಇಲ್ಲದಿದ್ದರೆ ಒಂದು ಹನಿಯೂ ಬರುವುದಿಲ್ಲ. ಬಾವಿಗೆ, ಹಳ್ಳಕ್ಕೆ ಗುಡ್ಡದ ಕೊಳೆ ಸೇರಿ ನೀರು ಕೆಡುವುದೂ ಅದೇ ತಿಂಗಳುಗಳಲ್ಲಿ. ಸ್ವಚ್ಛ ನೀರು ನಿಜವಾಗಿ ಬೇಕಾದಾಗಲೇ ಘಟಕಕ್ಕೆ ಬೀಗ. ಇನ್ನು ಕಬ್ಬಿಣದ ಗಸಿ ಕೂತು ಆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವವರು ಶಿವಮೊಗ್ಗದಿಂದ ಬರಬೇಕು.

ಒಮ್ಮೆ ಹೀಗೆ ನಿಂತಿದ್ದು ವಾರಗಟ್ಟಲೆ ಸರಿಯಾಗಲಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ ಕಂಪನಿಗೆ ಫೋನ್ ಮಾಡಿ ಅಂದರು. ಕಂಪನಿಯವರು ನಿರ್ವಹಣೆ ಬಿಲ್ ಇನ್ನೂ ಪಾಸಾಗಿಲ್ಲ ಅಂದರು. ಗ್ರಾಮಸಭೆಯಲ್ಲಿ ಎದ್ದು ನಿಂತು ಪಂಚಾಯ್ತಿಯವರನ್ನು ಕೇಳಬಹುದು. ಕಂಪನಿಯವರು ಆ ಸಭೆಗೆ ಬರುವುದೇ ಇಲ್ಲ. ಸೇವೆಗೆ 1 ಕೊಟ್ಟಿದ್ದು ಇದಕ್ಕೆ.

ಇನ್ನೊಂದು ವಿಷಯ ಮಲೆನಾಡಿನವರಿಗೆ ಹೇಳದೆಯೂ ಗೊತ್ತಾಗುತ್ತದೆ. ಬಯಲುಸೀಮೆ ಹಾಗೆ ಇಲ್ಲಿ ಮನೆಗಳು ಸಾಲಾಗಿ ಇಲ್ಲ. ಗುಡ್ಡದ ಮೇಲೊಂದು, ತೋಟದ ಕೆಳಗೊಂದು. ತುಂಬಿದ ಕ್ಯಾನ್ 20 ಕೆಜಿ ಆಗುತ್ತದೆ. ಬೈಕ್ ಇದ್ದವರು ಒಯ್ಯುತ್ತಾರೆ. ಕೂಲಿ ಮಾಡುವವರು, ವಯಸ್ಸಾದವರು ಏರು ಹತ್ತಿಸಿಕೊಂಡು ಹೋಗುವುದು ಹೇಗೆ? ಹೊಲಗೇರಿಯ ಕಡೆ ಎಷ್ಟೋ ಮನೆಗಳಿಗೆ ಈ ಘಟಕ ಇದ್ದೂ ಇಲ್ಲದ ಹಾಗೆ. ಅವರು ಕುಡಿಯುವುದು ನಲ್ಲಿ ನೀರನ್ನೇ.

ನನಗೆ ನಿಜವಾಗಿ ನೋವಾಗುವುದು ಆ ನಲ್ಲಿಯ ವಿಷಯದಲ್ಲಿ. ಘಟಕ ಬಂದ ಮೇಲೆ ನಲ್ಲಿ ನೀರಿನ ಮೇಲೆ ಯಾರಿಗೂ ಗಮನ ಇಲ್ಲ. ನಮ್ಮ ಪಕ್ಕದ ಮನೆಯ ಅಮ್ಮ ನೀರುಗಂಟಿಗೆ, "ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕು ಮಾರಾಯ, ನೀರು ವಾಸನೆ ಬರ್ತಿದೆ" ಅಂದರು. "ಕುಡಿಯೋಕೆ ಘಟಕ ಉಂಟಲ್ಲ ಅಮ್ಮ" ಅಂದ. ಅವನೊಬ್ಬನ ತಪ್ಪು ಅಂತ ನಾನು ಹೇಳುವುದಿಲ್ಲ. ಕುಡಿಯುವ ನೀರು ಕೊಡುವ ಕೆಲಸ ಮುಗಿಯಿತು ಅಂತ ಮೇಲಿನವರೂ ಅಂದುಕೊಂಡಿದ್ದಾರೆ. ಕೊಳವೆಯಲ್ಲಿ ಬರುವ ನೀರಲ್ಲಿ ಬ್ಲೀಚಿಂಗ್ ಪೌಡರ್‌ನಿಂದ ಸಿಗುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ಭಾರತೀಯ ಮಾನಕವೇ ಹೇಳುತ್ತದೆ. ಅದನ್ನು ನೋಡುವವರು ಬೇಕಲ್ವಾ? 2019ರಲ್ಲಿ ಜಲಜೀವನ್ ಮಿಷನ್ ಶುರುವಾದಾಗ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂತ ಹೇಳಿದ್ದರು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರು. ಮನೆಗೆ ಬಂದ ಆ ನೀರನ್ನೇ ಕುಡಿಯುವಂತೆ ಮಾಡುವುದು ಮೊದಲ ಕೆಲಸ.

ದುಡ್ಡಿನ ಲೆಕ್ಕವೂ ನೋಡಿ. 20 ಲೀಟರಿಗೆ 5 ರೂಪಾಯಿ ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ದಿನಕ್ಕೊಂದು ಕ್ಯಾನ್ ತಂದರೆ ತಿಂಗಳಿಗೆ 150. ನಮ್ಮ ನಲ್ಲಿಗೆ ಕಟ್ಟುವ ದುಡ್ಡು ಅದಕ್ಕಿಂತ ಕಡಿಮೆ.

ಖಾಸಗಿ ಅಂದ ತಕ್ಷಣ ಬೇಡ ಅನ್ನುವವಳಲ್ಲ ನಾನು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವ ಬ್ಯಾಂಕಿನ ಸಾಲದಲ್ಲಿ 24 ಗಂಟೆ ನೀರಿನ ಪ್ರಯೋಗ ನಡೆದಾಗ ಅದನ್ನು ನಡೆಸಿದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ. ಎಷ್ಟೋ ದಿನಕ್ಕೊಮ್ಮೆ ನೀರು ಕಾಣುತ್ತಿದ್ದ ಮನೆಗಳಲ್ಲಿ ನಲ್ಲಿ ಯಾವಾಗ ತಿರುಗಿಸಿದರೂ ನೀರು ಬಂತು. ಅದು ಸಣ್ಣ ಮಾತಲ್ಲ. ಆದರೆ ಅದೇ ವಿಯೋಲಿಯಾ ಮತ್ತು ಸುಯೆಜ್ ಕಂಪನಿಗಳ ಗುತ್ತಿಗೆ ಮುಗಿದಾಗ ಪ್ಯಾರಿಸ್ ನಗರ ಅದನ್ನು ಮುಂದುವರಿಸಲಿಲ್ಲ. 2010ರಿಂದ ನೀರಿನ ಕೆಲಸವನ್ನು ತಾನೇ ನಡೆಸಿತು. ಮರುವರ್ಷ ದರವನ್ನು 8% ಇಳಿಸಿತು. ಕಂಪನಿಗೆ ಕೆಲಸ ಗೊತ್ತಿರಬಹುದು. ಆ ಕೆಲಸ ಯಾರಿಗಾಗಿ, ಕೆಟ್ಟರೆ ಯಾರು ಉತ್ತರ ಕೊಡಬೇಕು ಅನ್ನುವುದನ್ನು ಬರೆದುಕೊಳ್ಳಬೇಕಾದವರು ನಾವು. ನಮ್ಮೂರಲ್ಲಿ ಗುತ್ತಿಗೆಯ ಕಾಗದವನ್ನು ಊರಿನವರು ಯಾರೂ ನೋಡಿಲ್ಲ. ಎಷ್ಟು ದಿನದೊಳಗೆ ರಿಪೇರಿ ಮಾಡಬೇಕು, ಮಾಡದಿದ್ದರೆ ಎಷ್ಟು ದಂಡ ಅಂತ ಘಟಕದ ಗೋಡೆ ಮೇಲೆ ಬರೆದಿದ್ದರೆ ನಾವು ಹೀಗೆ ಅಲೆಯಬೇಕಾಗಿರಲಿಲ್ಲ.

ನಮಗೆ ಆರ್‌ಒ ಬೇಕಿತ್ತಾ ಅನ್ನುವುದೂ ಕೇಳಬೇಕಾದ ಪ್ರಶ್ನೆ. ಪಾವಗಡ, ಕೋಲಾರದ ಕಡೆ ನೀರಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ. ಅಲ್ಲಿ ಇದು ಬೇಕು. ನಮ್ಮ ನೀರು ಮೆದು. ಹಿಂದೆ ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ (ಝರಿ) ನೀರು ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ, ಹರಿದು ಬರುತ್ತಿತ್ತು. ಈಗಲೂ ಕೆಲವರು ಪೈಪಿನಲ್ಲಿ ತರಿಸಿಕೊಳ್ಳುತ್ತಾರೆ. ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರಕ್ಕೆ ಹೇಳಿತ್ತು. ಕಾರಣ, ಒಳಗೆ ಹೋದ ನೀರಲ್ಲಿ ದೊಡ್ಡ ಪಾಲು ಹೊರಗೆ ಚೆಲ್ಲಿ ಹೋಗುತ್ತದೆ. ನಮ್ಮ ಘಟಕದ ಹಿಂದಿನ ಚರಂಡಿ ಏಪ್ರಿಲ್‌ನಲ್ಲೂ ಹರಿಯುತ್ತಿರುತ್ತದೆ. ಆಗ ಊರಿನ ಬಾವಿಗಳ ತಳ ಕಾಣುತ್ತಿರುತ್ತದೆ.

ನಿಮ್ಮೂರಿಗೂ ಘಟಕ ಬರುತ್ತಿದ್ದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ಕಿಟ್ ಕೊಟ್ಟು ಪರೀಕ್ಷೆ ಕಲಿಸುತ್ತಾರೆ. ಪಂಚಾಯ್ತಿಯಲ್ಲಿ ಕೇಳಿ. ತೊಂದರೆ ಕಬ್ಬಿಣ ಮಾತ್ರ ಆಗಿದ್ದರೆ ಓವರ್‌ಹೆಡ್ ಟ್ಯಾಂಕಿನ ಹತ್ತಿರವೇ ಕಬ್ಬಿಣ ತೆಗೆಯುವ ಫಿಲ್ಟರ್ ಕೂರಿಸಿ, ಕ್ಲೋರಿನ್ ಹಾಕಿ ಅಂತ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಆ ನೀರು ಏರಿನ ಮೇಲಿನ ಮನೆಗೂ ಹೋಗುತ್ತದೆ. ಘಟಕವೇ ಆಗಬೇಕು ಅಂದರೆ ಸಹಿ ಹಾಕುವ ಮೊದಲು ಗುತ್ತಿಗೆಯನ್ನು ಸಭೆಯಲ್ಲಿ ಓದಿಸಿ.