‘ವಿಂಡೋಸ್ ಹೋಗಿದೆ’ ಎಂದ ಕೂಡಲೇ ಫಾರ್ಮ್ಯಾಟಿಗೆ ಒಪ್ಪಬೇಡಿ

ಆನ್ ಮಾಡಿದರೆ ಕಂಪನಿಯ ಲೋಗೋ ಬಂದು ಅಲ್ಲಿಯೇ ನಿಂತುಬಿಡುವ ಕಂಪ್ಯೂಟರನ್ನು ರಿಪೇರಿಗೆ ಒಯ್ಯುವವರು ಇದನ್ನು ಓದಿಕೊಂಡು ಹೋಗಿ. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ನಮಗೆ ಆದದ್ದು. ಹೆಸರು ಬರೆಯುತ್ತಿಲ್ಲ.

ಅತ್ತಿಗೆ ಬದಿಯಡ್ಕದ ಮನೆಯಲ್ಲಿಯೇ ಡಿಟಿಪಿ ಕೆಲಸ ಮಾಡುತ್ತಾರೆ. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ಕರಪತ್ರ, ಎಲ್ಲವೂ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ದೇವಸ್ಥಾನವೊಂದರ ಸ್ಮರಣ ಸಂಚಿಕೆಯ ಕೆಲಸ ಅರ್ಧವಾಗಿದ್ದಾಗ ಕಂಪ್ಯೂಟರ್ ಲೋಗೋದಿಂದ ಮುಂದೆ ಹೋಗಲೇ ಇಲ್ಲ. ಅಣ್ಣ ಸಿಪಿಯು ಡಬ್ಬವನ್ನು ಮಾತ್ರ ಕಾರಿನಲ್ಲಿ ಹಾಕಿಕೊಂಡು ಅಂಗಡಿಗೆ ಕೊಟ್ಟು ಬಂದ. ಸಂಜೆ ಫೋನ್ ಬಂತು: ‘ವಿಂಡೋಸ್ ಹಾಳಾಗಿತ್ತು, ಹೊಸದಾಗಿ ಹಾಕಿದ್ದೇವೆ, ಡಿ ಡ್ರೈವ್ ಮುಟ್ಟಿಲ್ಲ.’

ಅಂದರೆ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸಿದ್ದರು. ಡಿ ಡ್ರೈವ್‌ನಲ್ಲಿದ್ದುದು ಹಳೆಯ ಫೋಟೋಗಳು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಇರುವುದೇ ಸಿ ಡ್ರೈವ್‌ನಲ್ಲಿ, ಸಂಚಿಕೆಯ ಲೇಖನಗಳೂ ದಾನಿಗಳ ಪಟ್ಟಿಯೂ ಇದ್ದದ್ದು ಅಲ್ಲಿಯೇ. ನುಡಿ ತಂತ್ರಾಂಶವೂ ಅದರ ಅಕ್ಷರಗಳೂ (ಫಾಂಟ್‌ಗಳೂ) ಜೊತೆಗೆ ಹೋದವು. ಪೆನ್‌ಡ್ರೈವ್‌ನಲ್ಲಿ ಉಳಿದಿದ್ದ ಒಂದೆರಡು ಕಡತಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂಗಡಿಯ ಹುಡುಗನಿಗೆ ನುಡಿ ಗೊತ್ತಿರಲಿಲ್ಲ, ಅದು ದೋಷವಲ್ಲ. ಒಂದು ಮಾತು ಕೇಳದೆ ಅಳಿಸಿದ್ದು ದೋಷ.

ಇಷ್ಟಾದ ಮೇಲೂ ಮನೆಗೆ ತಂದು ಎಲ್ಲ ವಯರ್ ಜೋಡಿಸಿ ಆನ್ ಮಾಡಿದರೆ ಮತ್ತೆ ಅದೇ ಲೋಗೋ. ಅಂಗಡಿಯವರಿಗೆ ಫೋನ್ ಮಾಡಿದರೆ, ‘ಹಾಗಾದರೆ ಸಿಡಿಲಿಗೆ ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು’ ಎಂಬ ಉತ್ತರ. ನಮ್ಮ ಕಡೆ ಅಕ್ಟೋಬರ್, ನವೆಂಬರ್‌ನ ಸಂಜೆ ಸಿಡಿಲಿಗೆ ಟಿವಿ, ಮೋಡೆಮ್ ಸುಡುವುದನ್ನು ಎಲ್ಲರೂ ಕಂಡವರೇ. ಹಾಗಾಗಿ ಈ ಮಾತು ಸುಲಭವಾಗಿ ಮಾರಾಟವಾಗುತ್ತದೆ. ಆದರೆ ಹೋದ ಮದರ್‌ಬೋರ್ಡ್ ಅವರ ಮೇಜಿನ ಮೇಲೆ ಹೇಗೆ ಓಡಿತು? ಇದಕ್ಕೆ ಉತ್ತರ ಬರಲಿಲ್ಲ.

ಉತ್ತರ ಸಿಕ್ಕಿದ್ದು ನೆರೆಮನೆಯ ಪಾಲಿಟೆಕ್ನಿಕ್ ಹುಡುಗಿಯಿಂದ. ಅವಳು ಡಬ್ಬದ ಹಿಂದಿನ ವಯರ್‌ಗಳನ್ನೆಲ್ಲ ಕಿತ್ತು ಮಾನಿಟರ್, ಕೀಬೋರ್ಡ್, ಮೌಸ್ ಮಾತ್ರ ಉಳಿಸಿದಳು. ಕಂಪ್ಯೂಟರ್ ಸಲೀಸಾಗಿ ಎದ್ದಿತು. ಒಂದೊಂದಾಗಿ ಮರಳಿ ಜೋಡಿಸಿದಾಗ ಪ್ರಿಂಟರ್‌ನ ಸರದಿಯಲ್ಲಿ ನಿಂತಿತು. ಪ್ರಿಂಟರ್‌ನ ಕಂಡಿಯಲ್ಲಿ ಯಾವುದೋ ಕಾಲದ ಕ್ಯಾಮೆರಾ ಕಾರ್ಡ್ ಕುಳಿತಿತ್ತು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ, ಬೂಟ್ ಕ್ರಮ (ವಿಂಡೋಸನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಸರದಿ) ಯುಎಸ್‌ಬಿಯಿಂದ ಶುರುವಾಗುವಂತಿತ್ತು. ಕೆಟ್ಟ ಕಾರ್ಡನ್ನು ಓದಲು ಹೋಗಿ ಯಂತ್ರ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಕಾರ್ಡ್ ತೆಗೆದು, ಹಾರ್ಡ್‌ಡಿಸ್ಕನ್ನು ಮೊದಲ ಸ್ಥಾನಕ್ಕೆ ತಂದಳು. ಅಷ್ಟೇ. ಅಂಗಡಿಗೆ ಪ್ರಿಂಟರ್ ಹೋಗಿರಲಿಲ್ಲ, ಆದ್ದರಿಂದ ಅಲ್ಲಿ ಯಾವ ತೊಂದರೆಯೂ ಕಾಣಿಸಿರಲಿಕ್ಕಿಲ್ಲ. ಕಾಣದ ರೋಗಕ್ಕೆ ಫಾರ್ಮ್ಯಾಟ್ ಮಾಡಿ ದುಡ್ಡು ಪಡೆದರು!

ನಿಮ್ಮ ಕಂಪ್ಯೂಟರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ, ಸಾಧ್ಯವಾದರೆ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ಲೋಗೋದ ಕೆಳಗೆ ಸುತ್ತುವ ಚುಕ್ಕಿಗಳು ಬರುವ ಮೊದಲೇ ನಿಂತರೆ ಹೆಚ್ಚಾಗಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಆಗ ಸಂಶಯ ಪಡಬೇಕಾದದ್ದು ಯುಎಸ್‌ಬಿ ಸಾಮಾನು, ಸಡಿಲವಾದ ರ‍್ಯಾಮ್, ಡಿಸ್ಕ್ ಮತ್ತು ಅದರ ಕೇಬಲ್ ಮುಂತಾದವನ್ನು. ಚುಕ್ಕಿಗಳು ಸುತ್ತತೊಡಗಿದ ಮೇಲೆ ನಿಂತರೆ ಡ್ರೈವರ್, ಅಪ್‌ಡೇಟ್, ಡಿಸ್ಕ್ ಇವುಗಳ ಕಡೆ ನೋಡಬೇಕು. ಆಗಲೂ ಫಾರ್ಮ್ಯಾಟಿಗಿಂತ ಮೊದಲು ಸೇಫ್ ಮೋಡ್ (ಅಗತ್ಯವಾದಷ್ಟೇ ಡ್ರೈವರ್‌ಗಳೊಂದಿಗೆ ವಿಂಡೋಸ್ ತೆರೆಯುವ ದಾರಿ) ಇದೆ, ವಿಂಡೋಸ್‌ನದೇ ಸ್ಟಾರ್ಟಪ್ ರಿಪೇರಿ ಇದೆ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಿ ನೋಡುವುದು ಬೇಡ.

ಡಬ್ಬ ಕೊಡುವಾಗ ರಶೀದಿಯಲ್ಲಿ ‘ಡೇಟಾ ಅಳಿಸಬಾರದು’ ಎಂದು ಬರೆಸಿಕೊಳ್ಳಿ, ಸಹಿ ಹಾಕಿಸಿ. ನಿಮ್ಮೆದುರೇ ಆನ್ ಮಾಡಿಸಿ. ಅಲ್ಲಿ ಸರಿಯಾಗಿ ಎದ್ದರೆ ಡಬ್ಬವನ್ನು ಅಲ್ಲಿ ಬಿಡದೆ ಮನೆಗೆ ತಂದು ಉಳಿದ ಸಾಮಾನುಗಳನ್ನು ಪರೀಕ್ಷಿಸಿ. ವಿಂಡೋಸ್ ಏಳದಿದ್ದರೂ ಲಿನಕ್ಸ್ (ವಿಂಡೋಸ್‌ಗೆ ಬದಲಿ ವ್ಯವಸ್ಥೆ) ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕಡತಗಳನ್ನು ನಕಲು ಮಾಡಿಕೊಳ್ಳಲು ಬಹಳ ಸಲ ಸಾಧ್ಯ. ‘ಆಗುವುದಿಲ್ಲ’ ಎಂದರೆ ಏಕೆ ಎಂದು ಕೇಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ವಿಂಡೋಸ್ ಹಾಕುವ ಬಿಟ್‌ಲಾಕರ್ ಬೀಗ ಇರಬಹುದು. ಅದರ 48 ಅಂಕೆಗಳ ಕೀಲಿ ಇಲ್ಲದೆ ಕಡತ ತೆರೆಯುವುದಿಲ್ಲ, ಮೊದಲೇ ಬರೆದಿಟ್ಟುಕೊಳ್ಳಿ.

ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ತುಂಬಬೇಡಿ. ನಮ್ಮದು ಹಳೆಯ ಹಾರ್ಡ್‌ಡಿಸ್ಕ್ ಆದ ಕಾರಣ ಕೆಲವು ಲೇಖನಗಳು ಮರಳಿ ದೊರೆತವು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಆಗಿದ್ದರೆ ಆ ಆಸೆಯೂ ಕಡಿಮೆ. ದಾನಿಗಳ ಪಟ್ಟಿ ಸಿಗಲಿಲ್ಲ. ಅತ್ತಿಗೆ ದೇವಸ್ಥಾನದ ರಶೀದಿ ಪುಸ್ತಕಗಳನ್ನು ತರಿಸಿಕೊಂಡು ಮೊದಲಿನಿಂದ ಟೈಪ್ ಮಾಡುತ್ತಿದ್ದಾರೆ.

ದುಡ್ಡು ವಾಪಸು ಕೇಳಿದೆವು, ಕೊಡಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆದರೆ ಕೈಯಲ್ಲಿ ಸರಿಯಾದ ಬಿಲ್ ಬೇಕು. ನಮಗೆ ಕೊಟ್ಟ ಚೀಟಿಯಲ್ಲಿ ‘ಸರ್ವೀಸ್’ ಎಂಬ ಪದವೂ ಮೊತ್ತವೂ ಬಿಟ್ಟರೆ ಬೇರೇನೂ ಇಲ್ಲ, ಅಂಗಡಿಯ ಮುದ್ರೆ ಕೂಡ ಇಲ್ಲ.