ಆರ್‌ಬಿ106 ಮಾದರಿಯ ಹೊಸ ರೆಗ್ಯುಲೇಟರ್: ಪೆಟ್ಟಿಗೆ ಒಳ್ಳೆಯದು, ಹೊಂದಾಣಿಕೆ ಕೆಟ್ಟದ್ದು

ಮೋರಿಸ್ ಮೈನರ್ 1000 ಕಾರಿಗೆಂದು, ಡೈನಮೊ (ಎಂಜಿನ್ನಿನಿಂದ ತಿರುಗಿ ಬ್ಯಾಟರಿ ತುಂಬುವ ವಿದ್ಯುತ್ ಯಂತ್ರ) ಕೊಡುವ ವೋಲ್ಟೇಜನ್ನು ಅಂಕೆಯಲ್ಲಿಡುವ ಹಳೆಯ ಲೂಕಾಸ್ ಆರ್‌ಬಿ106 ರೆಗ್ಯುಲೇಟರಿನ ಮಾದರಿಯಲ್ಲೇ ಈಗ ತಯಾರಾಗುತ್ತಿರುವ ಪೆಟ್ಟಿಗೆಯೊಂದನ್ನು ಕೊಂಡು ಎಂಟು ತಿಂಗಳಾಯಿತು. ಮೂಲ ಪೆಟ್ಟಿಗೆಯ ಬಾಬಿನ್ (ತಂತಿ ಸುತ್ತಿದ ವಿದ್ಯುತ್ಕಾಂತ) ಸುಟ್ಟುಹೋಗಿದ್ದರಿಂದ ನನಗೆ ಬೇರೆ ದಾರಿ ಇರಲಿಲ್ಲ. ಇದನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ವೋಲ್ಟ್‌ಮೀಟರ್ ಹಿಡಿದು ತಿದ್ದಲು ಸಿದ್ಧರಿಲ್ಲದವರು ಇದನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಕಾರಿಗೆ ಕೂರಿಸಬಾರದು.

ಹೊರರೂಪದ ಬಗ್ಗೆ ದೂರಿಲ್ಲ. ಮುಚ್ಚಳ, ತಂತಿ ಕ್ಲಿಪ್, ಎ, ಎ1, ಎಫ್, ಡಿ, ಇ ಎಂಬ ಐದು ಟರ್ಮಿನಲ್‌ಗಳ ಸ್ಥಾನ ಎಲ್ಲವೂ ಮೂಲದಂತೆಯೇ ಇವೆ, ಹಳೆಯ ಸ್ಕ್ರೂ ರಂಧ್ರಗಳಿಗೆ ಸರಿಯಾಗಿ ಕೂರುತ್ತದೆ.

ತೊಂದರೆ ಕಾಣಿಸಿದ್ದು ಮೊದಲ ವಾರದಲ್ಲೇ: ಬ್ಯಾಟರಿಯ ನೀರು ಬೇಗ ಇಳಿಯತೊಡಗಿತು, ಮುಚ್ಚಳಗಳ ಸುತ್ತ ಆಮ್ಲದ ತೇವ ಕಾಣಿಸಿತು. ಡೈನಮೊ ಅತಿಯಾಗಿ ಚಾರ್ಜ್ ಮಾಡುವುದಕ್ಕೆ ಪೆಟ್ಟಿಗೆಯ ಅರ್ತ್ ತಂತಿ ಸಡಿಲವಾಗಿರುವುದೂ ಕಾರಣವಾಗಬಹುದು. ಇ ಟರ್ಮಿನಲ್ಲಿನ ಸಂಪರ್ಕ ತಪ್ಪಿದರೆ ವೋಲ್ಟೇಜ್ ಬಾಬಿನ್ನಿಗೆ ಕರೆಂಟೇ ಹರಿಯದೆ, ಅದು ತೆರೆಸಬೇಕಾದ ಪಾಯಿಂಟುಗಳು (ಕರೆಂಟ್ ಹಾಯಿಸುವ ಸಂಪರ್ಕ ಬಿಂದುಗಳು) ಮುಚ್ಚಿಕೊಂಡೇ ಉಳಿದು, ಡೈನಮೊ ತನ್ನ ಪೂರ್ಣ ಶಕ್ತಿಯನ್ನು ಹೊರಹಾಕುತ್ತದೆ. ಹೀಗಾಗಿ ಅದನ್ನು ಮೊದಲು ಬಿಗಿಮಾಡಿ ನೋಡಿದೆ, ಫಲವಾಗಲಿಲ್ಲ. ಆಮೇಲೆ ಎ ಮತ್ತು ಎ1 ತಂತಿಗಳನ್ನು ಬಿಚ್ಚಿ, ಇಗ್ನಿಷನ್ ನಿಲ್ಲದಂತೆ ಅವೆರಡನ್ನೂ ಒಂದಕ್ಕೊಂದು ಜೋಡಿಸಿ, ಡಿ ಮತ್ತು ಇ ನಡುವೆ ಮೀಟರ್ ಇಟ್ಟು, ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದಾಗ ಮುಳ್ಳು 17.4 ವೋಲ್ಟಿಗೆ ಹೋಗಿ ನಿಂತಿತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು 16.0ರಿಂದ 16.6 ವೋಲ್ಟಿನ ಒಳಗೆ ನಿಲ್ಲಬೇಕು; ಸೆಕೆ ಹೆಚ್ಚಿದಂತೆ ಈ ಅಂಕಿ ಸ್ವಲ್ಪ ಇಳಿಯುತ್ತದೆ.

ಲಾಕ್‌ನಟ್ ಸಡಿಲಿಸಿ ರೆಗ್ಯುಲೇಟರ್ ಬಾಬಿನ್ನಿನ ಹೊಂದಾಣಿಕೆ ಸ್ಕ್ರೂವನ್ನು ಅಪ್ರದಕ್ಷಿಣವಾಗಿ ಕೂದಲೆಳೆಯಷ್ಟು ತಿರುಗಿಸಿದರೆ ವೋಲ್ಟೇಜ್ ಇಳಿಯುತ್ತದೆ. ಕೆಲಸವನ್ನು ಮೂವತ್ತು ಸೆಕೆಂಡುಗಳಲ್ಲಿ ಮುಗಿಸಬೇಕು, ಏಕೆಂದರೆ ಬಾಬಿನ್ ಬಿಸಿಯಾದ ಮೇಲೆ ಮೀಟರ್ ತೋರಿಸುವುದು ಸುಳ್ಳು ಲೆಕ್ಕ. ನಾನು ನಡುನಡುವೆ ಎಂಜಿನ್ ಆರಿಸಿ, ನಾಲ್ಕು ಪ್ರಯತ್ನಗಳ ಬಳಿಕ 16.2ಕ್ಕೆ ತಂದೆ. ಲಾಕ್‌ನಟ್ ಬಿಗಿಮಾಡುವಾಗಲೂ ಅಂಕಿ ಕದಲುತ್ತದೆಂಬುದು ಎರಡನೆಯ ಪ್ರಯತ್ನದಲ್ಲಿ ಕಲಿತ ಪಾಠ.

ಈಗಿನ ಆಲ್ಟರ್ನೇಟರ್ ಕಾರುಗಳ 14.4 ವೋಲ್ಟಿನ ಲೆಕ್ಕವನ್ನು ಇಲ್ಲಿ ತಂದು, ಹೀಗೆ ಎ, ಎ1 ತಂತಿಗಳನ್ನು ಬಿಚ್ಚಿದ ಹೊರೆಯಿಲ್ಲದ ಸ್ಥಿತಿಯಲ್ಲೇ ಅಷ್ಟಕ್ಕೆ ಇಳಿಸುವವರನ್ನು ಕಂಡಿದ್ದೇನೆ; ಅವರ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ರೆಗ್ಯುಲೇಟರ್ ಬಾಬಿನ್ನಿನ ಮೇಲೆ ದಪ್ಪ ತಂತಿಯ ಕೆಲವು ಸುತ್ತುಗಳಿದ್ದು, ಡೈನಮೊ ಕೊಡುವ ಕರೆಂಟ್ ಅವುಗಳ ಮೂಲಕವೇ ಹೋಗುತ್ತದೆ. ಕರೆಂಟ್ ಹೆಚ್ಚಿದಷ್ಟೂ ಈ ಸುತ್ತುಗಳು ಪಾಯಿಂಟುಗಳನ್ನು ಬೇಗ ತೆರೆಸಿ ವೋಲ್ಟೇಜನ್ನು ಕೆಳಗಿಳಿಸುವುದರಿಂದ, ಖಾಲಿ ಬ್ಯಾಟರಿಯ ಎದುರಲ್ಲಿ 22 ಆಂಪಿಯರಿನ ಸಿ40 ಡೈನಮೊ ಸುಡದೆ ಉಳಿಯುತ್ತದೆ. ತಿದ್ದಿದ ಮೇಲೆ ನನ್ನ ಕಾರಿನಲ್ಲಿ ಹೆಡ್‌ಲೈಟ್ ಹಚ್ಚಿ ಓಡಿಸಿದಾಗ ಬ್ಯಾಟರಿಯ ತುದಿಗಳಲ್ಲಿ 13.2 ವೋಲ್ಟ್ ಸಿಗುತ್ತಿದೆ, ನೀರು ತಿಂಗಳಿಗೊಮ್ಮೆ ನೋಡಿದರೆ ಸಾಕಾಗಿದೆ.

ಇಷ್ಟು ತಿದ್ದಿದ ಮೇಲೆ ಪಕ್ಕದ ಕಟೌಟ್ ಬಾಬಿನ್ನನ್ನೂ (ಡೈನಮೊವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಸ್ವಿಚ್ಚಿನದು) ಪರೀಕ್ಷಿಸಿದೆ. ಅದರ ಪಾಯಿಂಟುಗಳು 12.7ರಿಂದ 13.3 ವೋಲ್ಟಿನ ನಡುವೆ ಮುಚ್ಚಬೇಕು; ಇದರಲ್ಲಿ 12.9ಕ್ಕೆ ಮುಚ್ಚಿದವು, ಆದ್ದರಿಂದ ಕೈ ಹಚ್ಚಲಿಲ್ಲ. ಪಾಯಿಂಟುಗಳ ಮೇಲೆ ಮಾತ್ರ ತಯಾರಿಕೆಯ ಎಣ್ಣೆ ಉಳಿದಿತ್ತು. ರೆಗ್ಯುಲೇಟರ್ ಪಾಯಿಂಟುಗಳಿಗೆ ನುಣುಪು ಕಾರ್ಬೊರಂಡಮ್ ಕಲ್ಲು ಬಳಸಬಹುದಾದರೂ, ಮೆತ್ತಗಿನ ಕಟೌಟ್ ಪಾಯಿಂಟುಗಳಿಗೆ ನುಣುಪಾದ ಗ್ಲಾಸ್ ಪೇಪರನ್ನೇ (ಗಾಜಿನ ಪುಡಿ ಅಂಟಿಸಿದ ಉಜ್ಜುಕಾಗದ) ಬಳಸಿ, ಬಳಿಕ ಸ್ಪಿರಿಟಿನಲ್ಲಿ ಒರೆಸಬೇಕು.

ನನ್ನ ನಿಜವಾದ ತಕರಾರು ಪೆಟ್ಟಿಗೆಯೊಂದಿಗೆ ಬಂದ ಚೀಟಿಯ ಮೇಲೆ. ಅದರಲ್ಲಿ ತಂತಿಗಳ ಚಿತ್ರವಿದೆ, ‘ಕಾರ್ಖಾನೆಯಲ್ಲೇ ಹೊಂದಿಸಲಾಗಿದೆ, ಸ್ಕ್ರೂ ಮುಟ್ಟಬೇಡಿ’ ಎಂಬ ಎಚ್ಚರಿಕೆಯಿದೆ, ಆದರೆ ಎಷ್ಟು ವೋಲ್ಟಿಗೆ ಹೊಂದಿಸಲಾಗಿದೆ ಎಂಬ ಒಂದು ಅಂಕಿಯೂ ಇಲ್ಲ. ಮಾರಿದವರಿಗೆ ಬರೆದು ಕೇಳಿದ್ದಕ್ಕೆ ಪೆಟ್ಟಿಗೆ ಬದಲಿಸಿ ಕೊಡುವುದಾಗಿ ಹೇಳಿದರು. ಅಷ್ಟರಲ್ಲಿ ನನ್ನದು ಸರಿಯಾಗಿತ್ತು, ಇನ್ನೊಂದು ಪೆಟ್ಟಿಗೆಯ ಅಂಕಿ ಏನಿರುವುದೋ ಎಂಬ ಅನುಮಾನದಿಂದ ಬೇಡವೆಂದೆ.